ಒಂಟಿ ನಳಿಗೆಯ ಜೀರ್ಣೋದ್ಧಾರ

ಕೊಡಗಿನ ಹಳೆಯ ಐನ್‌ಮನೆಗಳೆಂಬ ಮೂಲಮನೆಗಳಲ್ಲಿ ಕೋವಿಯೆಂಬುದು ಒಬ್ಬ ವ್ಯಕ್ತಿಯ ಸೊತ್ತೆನಿಸುವುದಕ್ಕೆ ಮುಂಚೆ ಒಕ್ಕದ, ಅಂದರೆ ಇಡೀ ಮನೆತನದ, ಸೊತ್ತಾಗಿ ಬಾಳಿ ಬಂದಿತೆಂಬುದನ್ನು ಅರಿಯದವನಿಗೆ, ಹಿಡಿ ಬಿರಿದು ನಳಿಗೆ ತುಕ್ಕಿಗೆ ತುತ್ತಾದ ಒಂಟಿ ನಳಿಗೆಯ ಕೋವಿಯೊಂದನ್ನು ನೆಟ್ಟಗೆ ಮಾಡಿಸುವುದಕ್ಕಾಗಿ ಅದರ ಬೆಲೆಯನ್ನೂ ಮೀರಿದ ಹಣವನ್ನು ವೆಚ್ಚಮಾಡುವ ಗೃಹಸ್ಥರ ನಡೆಯು ಕೇವಲ ಹುಚ್ಚೆಂದೇ ತೋರೀತು. ಮನೆಯಲ್ಲಿ ಗಂಡುಮಗು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣಗಳನ್ನು ಅದರ ಕೈಗೆ ಮುಟ್ಟಿಸಿ ಅಂಗಳದಲ್ಲಿ ಒಂದು ಈಡು ಹಾರಿಸುವುದು, ಸಾವು ಸಂಭವಿಸಿದರೆ ಎರಡು ಈಡುಗಳಿಂದ ಊರಿಗೆ ತಿಳಿಸುವುದು, ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಮೊದಲ ಕದಿರನ್ನು ಕೊಯ್ಯುವಾಗ ಆಕಾಶಕ್ಕೆ ಗುಂಡು ಹೊಡೆಯುವುದು – ಇವೆಲ್ಲ ಅಲ್ಲಿ ಆಡಂಬರಗಳಲ್ಲ, ಕಟ್ಟಳೆಗಳು. ಅಜ್ಜನ ಹುಟ್ಟನ್ನೂ ಅಜ್ಜನ ಮರಣವನ್ನೂ ಸಾರಿದ ನಳಿಗೆಯನ್ನು ಗುಜರಿಗೆ ಹಾಕಲು ಯಾರಿಗೆ ತಾನೇ ಮನಸ್ಸು ಬಂದೀತು?

ಈ ಸಂಬಂಧಕ್ಕೆ ಚರಿತ್ರೆಯೂ ನೀರೆರೆಯಿತು. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಭೂಮಿಯನ್ನು ಜಮ್ಮಾ ಹಿಡುವಳಿಯಾಗಿ ಪಡೆದವನು ಸಾಮಾನ್ಯ ಹಿಡುವಳಿಯಾದ ಸಾಗು ಭೂಮಿಯವನ ಅರ್ಧದಷ್ಟು ಕಂದಾಯವನ್ನು ಮಾತ್ರ ತೆತ್ತು, ಅದಕ್ಕೆ ಪ್ರತಿಯಾಗಿ ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಾಗಿದ್ದಿತಾದ್ದರಿಂದ, ಮನೆಯಲ್ಲಿ ಆಯುಧವಿರುವುದು ಹಕ್ಕೂ ಹೌದು, ಋಣವೂ ಹೌದು ಎಂಬಂತಿತ್ತು. 1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರಕಾರವು ರಾಜ್ಯವನ್ನು ವಶಪಡಿಸಿಕೊಂಡ ಮೇಲೆಯೂ ಆ ಹಿಡುವಳಿಯು ಅಳಿಯಲಿಲ್ಲ. 1857ರ ದಂಗೆಯಿಂದ ಬೆದರಿದ ಆಳರಸರು ದೇಶದ ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ಹೊರಡಿಸಿದಾಗ, ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು 1861ರ ಫೆಬ್ರವರಿಯಲ್ಲಿ, ಕೊಡವರ ಶೌರ್ಯವನ್ನೂ ನಿಷ್ಠೆಯನ್ನೂ ಹೊಗಳಿ, ಆ ಕಾಯಿದೆಯು ಅವರಿಗೆ ಅನ್ವಯಿಸದೆಂದು ಪ್ರಕಟಿಸಿದನು. ಹೊಗಳಿಕೆ ನಿಜವಿದ್ದೀತು, ಆದರೆ ಇಂಥ ಔದಾರ್ಯದ ಹಿಂದೆ ರಾಜನೀತಿಯ ಲೆಕ್ಕಾಚಾರವೂ ಇದ್ದಿತೆಂದು ಊಹಿಸುವುದು ಅನ್ಯಾಯವಾಗಲಾರದು. ಅದೇನೇ ಇರಲಿ, ಆ ವಿನಾಯಿತಿಯು 1959ರ ಶಸ್ತ್ರ ಕಾಯಿದೆಯ ಅಡಿಯಲ್ಲಿಯೂ ಕೊಡವರಿಗೂ ಜಾತಿಭೇದವಿಲ್ಲದೆ ಜಮ್ಮಾ ಹಿಡುವಳಿದಾರರಿಗೂ ಮುಂದುವರಿದು, 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಲ್ಪಟ್ಟು, 2021ರಲ್ಲಿ ಉಚ್ಚನ್ಯಾಯಾಲಯದಲ್ಲಿಯೂ ಎತ್ತಿಹಿಡಿಯಲ್ಪಟ್ಟಿತು.

ಆದರೆ ಕಾಯಿದೆಯು ಕೋವಿಯನ್ನು ಮನೆಯಲ್ಲಿ ಉಳಿಸಿಕೊಟ್ಟೀತೇ ಹೊರತು ಮಳೆಯಿಂದ ಉಳಿಸಿಕೊಡಲಾರದು. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕಿ ಸುರಿಯುವ, ಅದರಲ್ಲಿಯೂ ನಡುಮಳೆಗಾಲದ ಕಕ್ಕಡ ಮಾಸದಲ್ಲಿ ಗೋಡೆ, ಕಂಬ, ಹಾಸಿಗೆಗಳಿಗೆಲ್ಲ ಬೂಷ್ಟು ಹಿಡಿಸುವ ಆ ಮಳೆಗೆ ಕಬ್ಬಿಣವೆಂದರೆ ಬಲು ಪ್ರೀತಿ. ನಾಟಿಯ ದಿನಗಳಲ್ಲಿ (ಬೇಟೆಯಿದ್ದ ಕಾಲದಲ್ಲಿ ಅದನ್ನೂ ತೊರೆದು) ಆಯುಧಗಳನ್ನು ಪೂಜೆಯ ಕೋಣೆಯಾದ ಕನ್ನಿ ಕೋಂಬರೆಯಲ್ಲಿ ಇರಿಸಿ, ನಾಟಿ ಮುಗಿದ ಮೇಲೆ ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಅವುಗಳನ್ನು ಹೊರತೆಗೆದು, ಒರಸಿ, ಎಣ್ಣೆ ಸವರಿ, ನಡುಮನೆಯಾದ ನಡುಬಾಡೆಯ ತೂಗುದೀಪದ ಎದುರಿನಲ್ಲಿ ಒಡಿಕತ್ತಿ, ಪೀಚೆಕತ್ತಿಗಳ ಜೊತೆಯಲ್ಲಿಟ್ಟು, ಗಂಧವನ್ನು ಹಚ್ಚಿ, ನಳಿಗೆಯ ಬಾಯಿಗೆ ತೋಕ್‌ಪೂವನ್ನು, ಅಂದರೆ ಅಗ್ನಿಶಿಖೆಯ ಹೂವನ್ನು ಸಿಕ್ಕಿಸಿ ಪೂಜಿಸುವ ಕ್ರಮವನ್ನು ನೋಡಿದರೆ, ಪೂರ್ವಿಕರು ಭಕ್ತಿಯ ಹೆಸರಿನಲ್ಲಿ ವಾರ್ಷಿಕ ಸಂರಕ್ಷಣೆಯ ವಿಧಾನವೊಂದನ್ನು ರೂಢಿಗೆ ತಂದಿದ್ದರೆಂದೇ ನನಗೆ ತೋರುತ್ತದೆ. ಮಳೆ ತಗ್ಗುವ ಹೊತ್ತಿಗೆ ಸರಿಯಾಗಿ ಮನೆಯ ಪ್ರತಿಯೊಂದು ಕೋವಿಯೂ ಒಮ್ಮೆ ಬೆಳಕಿಗೆ ಬರಲೇಬೇಕು. ಕಡಂಬುಟ್ಟು, ಪಂದಿಕರಿಗಳ ಊಟವಾದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ ಅದರ ಆರೋಗ್ಯವೂ ಪರೀಕ್ಷೆಗೆ ಒಳಗಾಗಬೇಕು. ಯಾವ ಮನೆಗಳಲ್ಲಿ ಹಬ್ಬ ಸಾಂಗವಾಗಿ ನಡೆಯಿತೋ ಅಲ್ಲಿ ಕೋವಿಗಳು ಉಳಿದವು; ಎಲ್ಲಿ ಮಕ್ಕಳು ದೂರದ ಪಟ್ಟಣಗಳನ್ನು ಸೇರಿ ಐನ್‌ಮನೆಗೆ ಬೀಗ ಬಿದ್ದಿತೋ ಅಲ್ಲಿಯ ಕೋವಿಗಳೇ ಇಂದು ಜೀರ್ಣೋದ್ಧಾರವನ್ನು ಬೇಡುತ್ತಿವೆ.

ಹಾಗೆ ಬೇಡುವವುಗಳಲ್ಲಿ ಎರಡು ತಲೆಮಾರಿನ ಕೋವಿಗಳುಂಟು. ಬಾಯಿಯಿಂದ ಮದ್ದು ಚರೆಗಳನ್ನು ತುಂಬಿ, ನಾರು ತುರುಕಿ, ಗಜದಿಂದ ಜಡಿದು, ಹಿಂಬದಿಯ ತೊಟ್ಟಿನ ಮೇಲೆ ಕೇಪು ಕೂರಿಸಿ ಹೊಡೆಯುವ ಕೇಪಿನ ಕೋವಿ ಹಳೆಯದು. ನಡುವೆ ಮಡಿಸಿ ಹಿಂದಿನಿಂದ ತೋಟಾ ತುಂಬುವುದು ಈಚಿನದು. ಸರಕಾರಿ ದಫ್ತರದಲ್ಲಿ ಇವನ್ನು ಎಸ್‌ಬಿಎಂಎಲ್, ಎಸ್‌ಬಿಬಿಎಲ್ ಎಂದು ಬರೆಯುವುದರಿಂದ ಹಳ್ಳಿಯ ಮುದುಕರ ಬಾಯಲ್ಲಿಯೂ ಆ ಅಕ್ಷರಗಳು ಮಂತ್ರದಂತೆ ಹೊರಳುತ್ತವೆ. ಕೇಪಿನ ಮೂಲವು ಸ್ಕಾಟ್ಲೆಂಡಿನ ಪಾದ್ರಿಯೊಬ್ಬನ ಹಕ್ಕಿಬೇಟೆಯಲ್ಲಿದೆ: ಚಕಮಕಿಯ ಕಿಡಿ ಮಿಂಚಿದೊಡನೆ ಹಕ್ಕಿಗಳು ಎಚ್ಚತ್ತು ತಪ್ಪಿಸಿಕೊಳ್ಳುವುದನ್ನು ಕಂಡು ಬೇಸತ್ತ ಅಲೆಕ್ಸಾಂಡರ್ ಫೋರ್ಸೈತನು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದನು, ಕೇಪು ಅದರ ಸಂತಾನ. ಹಿಂದಿನಿಂದ ತುಂಬುವ ಕೋವಿಯು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸು ಇಂಗ್ಲೆಂಡುಗಳಲ್ಲಿ ಪಕ್ವವಾಗಿ, ಬರ್ಮಿಂಗ್‌ಹ್ಯಾಮ್, ಬೆಲ್ಜಿಯಮಿನ ಲಿಯೇಜ್‌ಗಳಂಥ ಕಮ್ಮಾರ ಪಟ್ಟಣಗಳಿಂದ ಹಡಗೇರಿ ಜಗತ್ತಿಗೆಲ್ಲ ಹರಡಿತು. ಜೋಡಿ ನಳಿಗೆಯದು ತೋಟದ ದೊರೆಗಳಿಗಾಯಿತು. ಒಂಟಿ ನಳಿಗೆಯದು ಗದ್ದೆಗೆ ಹಂದಿ ನುಗ್ಗದಂತೆ ಕಾಯುವ ಒಕ್ಕಲಿಗಾಯಿತು. ಒಂದೇ ಈಡು, ತಪ್ಪಿದರೆ ಇನ್ನೊಂದನ್ನು ತುಂಬುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತದೆ.

ಇನ್ನು ದುರಸ್ತಿಯ ಮಾತು. ಹಿಂದೆ ಈ ಕೆಲಸವು ಊರಿನ ಕೊಲ್ಲ, ಐರಿಗಳಂಥ ಕುಶಲಿಗಳ ಕುಲುಮೆಯಲ್ಲಿಯೇ ನಡೆಯಬಹುದಾಗಿತ್ತು. 1959ರ ಕಾಯಿದೆಯು ಕೋವಿಯ ದುರಸ್ತಿಗೂ ಪರವಾನಗಿ ಬೇಕೆಂದಿರುವುದರಿಂದಲೂ, ಮೇಲೆ ಹೇಳಿದ ವಿನಾಯಿತಿಯು ಕೋವಿಯನ್ನು ಹೊಂದುವವನಿಗೇ ಹೊರತು ಅದನ್ನು ರಿಪೇರಿ ಮಾಡುವ ಕಸುಬಿಗಲ್ಲವಾದುದರಿಂದಲೂ, ಈಗ ಪರವಾನಗಿಯುಳ್ಳ ಕೆಲಸಗಾರನನ್ನೇ ಹುಡುಕಿಕೊಂಡು ಹೋಗಬೇಕು. ಬಲ್ಲವನಾದರೆ ಅವನು ಕೋವಿಯನ್ನು ಕೈಗೆತ್ತಿಕೊಂಡ ಕೂಡಲೆ ಮಾಡುವ ಮೊದಲ ಕೆಲಸ, ಅದು ತುಂಬಿದೆಯೋ ಬರಿದೋ ಎಂದು ನೋಡುವುದು. ಕೇಪಿನ ಕೋವಿಯಲ್ಲಂತೂ ಗಜವನ್ನು ಒಳಗೆ ಇಳಿಬಿಟ್ಟು ಅದು ಎಷ್ಟು ದೂರ ಹೋಯಿತೆಂಬುದನ್ನು ನಳಿಗೆಯ ಹೊರಮೈಯ ಉದ್ದದೊಡನೆ ಹೋಲಿಸದೆ ಮುಂದಿನ ಮಾತಿಲ್ಲ. ಎಂದೋ ಹಂದಿಗೆಂದು ತುಂಬಿ ಮರೆತ ಈಡು ತುಂಬಿದವನ ಮರಣಾನಂತರವೂ ಒಳಗೆ ಕುಳಿತಿರುವುದು ಅಪರೂಪವಲ್ಲ.

ಬಳಿಕ ನಳಿಗೆಯ ಪರೀಕ್ಷೆ. ಅಡಿಭಾಗದಲ್ಲಿ ಒತ್ತಿದ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದಬೇಕು. 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದಲ್ಲಿ, ವಾಡಿಕೆಗಿಂತ ಹೆಚ್ಚಿನ ಮದ್ದನ್ನು ತುಂಬಿ ಹೊಡೆದು ತಾಳಿಕೊಂಡ ನಳಿಗೆಗಳಿಗೆ ಮಾತ್ರ ಕಿರೀಟದ ಮುದ್ರೆಯನ್ನು ಒತ್ತುವರು; ಲಿಯೇಜಿನದು ಅಂಡಾಕೃತಿಯೊಳಗಿನ ಅಕ್ಷರಗಳ ಮುದ್ರೆ. ಆ ಮುದ್ರೆಯು ಕರಿಮದ್ದಿಗೆ ಮಾತ್ರ ಸಲ್ಲುವುದೋ, ಈಚಿನ ಹೊಗೆಯಿಲ್ಲದ ಮದ್ದಿಗೂ ಸಲ್ಲುವುದೋ ಎಂಬುದರ ಮೇಲೆ ಹಿಡಿದವನ ಕಣ್ಣು ಬೆರಳುಗಳ ಕ್ಷೇಮವು ನಿಂತಿದೆ. ಹನ್ನೆರಡರ ಬೋರು ಎಂದ ಮಾತ್ರಕ್ಕೆ, ಅಂದರೆ ಒಂದು ಪೌಂಡು ಸೀಸವನ್ನು ಹನ್ನೆರಡು ಸಮಗುಂಡುಗಳಾಗಿ ಎರೆದರೆ ಅದರಲ್ಲೊಂದು ಹಿಡಿಸುವಷ್ಟು, ಸುಮಾರು 0.729 ಅಂಗುಲದ ಒಳವ್ಯಾಸ ಎಂದ ಮಾತ್ರಕ್ಕೆ, ಅಂಗಡಿಯ ಎಲ್ಲ ತೋಟಾಗಳೂ ಅದಕ್ಕೆ ಒಗ್ಗುವುದಿಲ್ಲ. ಹಳೆಯ ಅನೇಕ ಕೋವಿಗಳ ತೋಟಾಮನೆ ಎರಡೂವರೆ ಅಂಗುಲದ್ದು, ಇಂದಿನ ತೋಟಾ ಎರಡೂಮುಕ್ಕಾಲು ಅಂಗುಲದ್ದು. ಒಳಗೆ ಕೂತುಬಿಡುವುದೇ ಅದರ ಮೋಸ: ಸಿಡಿದು ಬಿಚ್ಚಿಕೊಳ್ಳುವ ತುದಿಗೆ ತಾವಿಲ್ಲದೆ ಒತ್ತಡವು ಏರುತ್ತದೆ.

ಹೊರಮೈಯ ವಿಷಯಕ್ಕೆ ಬಂದಾಗ, ತುಕ್ಕನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಬೆಳಗಿಸಿದವನಿಗೆ ನಾನು ಕೆಲಸಗಾರನೆಂಬ ಹೆಸರನ್ನು ಕೊಡಲಾರೆ. ಕಬ್ಬಿಣದ ಮತ್ತು ಉಕ್ಕಿನ ಸಲಾಕಿಗಳನ್ನು ಹೆಣೆದು ತಿರುಚಿ, ದಂಡದ ಸುತ್ತ ಸುರುಳಿಯಾಗಿ ಸುತ್ತಿ ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳಲ್ಲಿ ಎರಡು ಲೋಹಗಳೂ ಬೇರೆಬೇರೆ ಬಣ್ಣಕ್ಕೆ ತಿರುಗಿ ಮರದ ನರಗಳಂತೆ ಮೂಡುವ ಚಿತ್ತಾರವು, ಹಾಗೆ ಉಜ್ಜಿದೊಡನೆ ಮಾಯವಾಗುತ್ತದೆ. ಅದನ್ನು ಮರಳಿ ತರುವ ಉಪಾಯವೂ ತುಕ್ಕೇ! ಜಿಡ್ಡು ತೆಗೆದ ನಳಿಗೆಗೆ ತೆಳ್ಳಗೆ ಆಮ್ಲದ್ರಾವಣವನ್ನು ಸವರಿ, ತೇವದಲ್ಲಿಟ್ಟು ಸಣ್ಣಗೆ ತುಕ್ಕು ಬರಿಸಿ, ಕುದಿಯುವ ನೀರಿನಲ್ಲಿ ಬೇಯಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ಮೇಲಿನ ಹುಡಿಯನ್ನು ಮೆದುವಾಗಿ ಕೆರೆದು ಮತ್ತೆ ಸವರಿ, ಮತ್ತೆ ಬೇಯಿಸಿ, ಬಣ್ಣ ಗಾಢವಾಗುವವರೆಗೂ ಆವರ್ತಿಸಬೇಕು. ಬೇಯಿಸದೆ ಬಿಟ್ಟರೆ ಕಂದು, ಬೇಯಿಸಿದರೆ ಕಪ್ಪು. ವೈರಿಯನ್ನೇ ಕಾವಲಿಗೆ ನೇಮಿಸಿಕೊಳ್ಳುವ ಈ ಜಾಣ್ಮೆಯನ್ನು ಬಿಟ್ಟು ಯಂತ್ರದಿಂದ ಹೊಳಪು ಕೊಡಿಸುವವರಿಗೆ ತಾಳ್ಮೆಯಿಲ್ಲವೆಂಬುದೇ ಕಾರಣ.

ಮರದ ಹಿಡಿಯಲ್ಲಿ ಇನ್ನೂ ಕಡಿಮೆ ಕೈಯಾಡಿಸಬೇಕು. ನೆಗ್ಗುಗಳು ಒದ್ದೆ ಬಟ್ಟೆ ಮತ್ತು ಬಿಸಿಯಿಂದ ಮೇಲೇಳುತ್ತವೆ. ಎಣ್ಣೆ ಕುಡಿದು ಕಪ್ಪಾದ ಅಕ್ರೋಟು ಮರಕ್ಕೆ ಅಗಸೆ ಎಣ್ಣೆಯನ್ನು ಹನಿಹನಿಯಾಗಿ ಉಜ್ಜುವುದೇ ಸಾಕು. ಸ್ಪ್ರಿಂಗು ಸೋತಿದ್ದರೆ, ಕುದುರೆಯ ಹಲ್ಲು ಸವೆದು ತಾನಾಗಿಯೇ ಜಾರುತ್ತಿದ್ದರೆ, ತಿರುಗಣಿಯ ಮೊಳೆ ಸಡಿಲಿದ್ದರೆ ಅಲ್ಲಿ ಹೊಸದನ್ನು ಹಾಕಲು ಸಂಕೋಚಪಡಬಾರದು. ಅವು ಕೆಲಸದ ಭಾಗಗಳು, ನೆನಪಿನವಲ್ಲ. ಕೆನ್ನೆಯೊತ್ತಿ ಒತ್ತಿ ನುಣುಪಾದ ಜಾಗವನ್ನು ಮಾತ್ರ ಮುಟ್ಟಕೂಡದು.

ಒಳಮೈ ಕುಳಿಬಿದ್ದು ಗೋಡೆ ತೆಳುವಾದ ನಳಿಗೆಯ ಬಗ್ಗೆ ಮನೆಯವರಿಗೂ ಕೆಲಸಗಾರನಿಗೂ ವಾದ ನಡೆಯುವುದು ಸಹಜ. ಹಬ್ಬಕ್ಕೊಂದೇ ಈಡಲ್ಲವೇ, ಅಷ್ಟಕ್ಕೆ ತಡೆದೀತು ಎಂಬುದು ಮನೆಯವರ ಪಕ್ಷ. ನಾನು ಕೆಲಸಗಾರನ ಪಕ್ಷ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಯೂ ಸಂದುಹೋದ ಮೇಲೆ, ಅಂಥ ಕೋವಿಯಿಂದ ಗುಂಡು ಹಾರಿಸಲೇಬೇಕೆಂಬ ನಿರ್ಬಂಧ ಎಲ್ಲಿದೆ? ಅದನ್ನು ನಡುಬಾಡೆಯಲ್ಲಿಟ್ಟು ಗಂಧ ಹಚ್ಚಿ, ತೋಕ್‌ಪೂವನ್ನೂ ಸಿಕ್ಕಿಸಲಿ. ಅಂಗಳದ ಈಡನ್ನು ಮನೆಯ ಇನ್ನೊಂದು ಕೋವಿಯಿಂದಲೋ ನೆರೆಯವರ ಕೋವಿಯಿಂದಲೋ ಹೊಡೆಯಲಿ. ದಫ್ತರದಲ್ಲಿ ಮಾತ್ರ ಅದರ ನಂಬರನ್ನು ಅಳಿಸಿಹಾಕುವಂತಿಲ್ಲ. ಹೊಡೆಯದ ಕೋವಿಯೂ ಕಾಯಿದೆಗೆ ಕೋವಿಯೇ.