ನ್ಯೂಟಾಕ್ ಊರು ಕದಲಿದ ಕಥೆ

ಶ್ರೋತೃಗಳೇ, ಒಂದೇ ರಾತ್ರಿ ಹೊಳೆ ಬಂದು ಊರು ಕೊಚ್ಚಿಹೋದ ಸುದ್ದಿ ನೀವು ಕೇಳಿದ್ದೀರಿ. ವರ್ಷಕ್ಕಿಷ್ಟು ಅಡಿಯಂತೆ ಸವೆದುಹೋದ ಊರಿನ ಚರಿತ್ರೆ ಇವತ್ತು ಹೇಳುತ್ತೇನೆ. ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ, ಬೇರಿಂಗ್ ಸಮುದ್ರದ ಹತ್ತಿರ, ನಿಂಗ್ಲಿಕ್ ನದಿಯ ದಂಡೆಯಲ್ಲಿದ್ದ ನ್ಯೂಟಾಕ್ ಅದರ ಹೆಸರು. ಸುಮಾರು ೩೫೦ ಜನ. ಬಹುತೇಕ ಎಲ್ಲರೂ ಯೂಪಿಕ್ ಬುಡಕಟ್ಟಿನವರು. ಮನೆಯಲ್ಲಿ ಯೂಪಿಕ್, ಕಚೇರಿಯಲ್ಲಿ ಇಂಗ್ಲಿಷ್. ನಮ್ಮ ನಿಮ್ಮ ಹಾಗೆ ಎರಡು ನುಡಿಯವರೇ.

ಅವರ ಹಿರಿಯರು ಒಂದೇ ಕಡೆ ಬೇರೂರಿದವರಲ್ಲ. ಮೀನಿನ ಕಾಲಕ್ಕೊಂದು ಬಿಡಾರ, ಸೀಲ್ ಬೇಟೆಗೊಂದು, ಚಳಿಗಾಲಕ್ಕೊಂದು. ೧೯೪೯ರಲ್ಲಿ ಹಳೆಯ ಊರು ಬಿಟ್ಟು ಈ ದಂಡೆಗೆ ಬಂದರು. ೧೯೫೮ರಲ್ಲಿ ಇಲ್ಲಿ ಶಾಲೆ ಎದ್ದಿತು. ಮಕ್ಕಳು ಶಾಲೆಗೆ ಹೋಗಬೇಕೆಂದ ಮೇಲೆ ತಾಯ್ತಂದೆಯರು ಅಲೆಯುವುದು ಹೇಗೆ? ಅಲ್ಲೇ ಕಾಲೂರಿದರು.

ಕಾಲೂರಿದ ನೆಲವೋ, ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು. ಗೋಡೆಯ ಕಲ್ಲನ್ನು ಗಾರೆ ಹಿಡಿದಂತೆ ಆ ಮಣ್ಣನ್ನು ಹಿಡಿದದ್ದು ಮಂಜುಗಡ್ಡೆ. ಚಳಿ ಶುರುವಾಗುತ್ತಲೇ ಸಮುದ್ರವೂ ಹೆಪ್ಪುಗಟ್ಟಿ, ಬಿರುಗಾಳಿಯ ಅಲೆ ದಡಕ್ಕೆ ಬಡಿಯದಂತೆ ತಡೆಯುತ್ತಿತ್ತು. ನದಿ ದಂಡೆ ಕೊರೆಯುವುದು ಹೊಸದೇನಲ್ಲ. ಆದರೆ ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯಿಂದ ಭೂಮಿ ಕಾಯತೊಡಗಿತು. ೧೯೭೯ರಿಂದೀಚೆಗೆ ಆರ್ಕ್ಟಿಕ್ ಸೀಮೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾದಿದೆ. ಮಣ್ಣಿನ ಗಾರೆ ಕರಗಿತು, ಸಮುದ್ರ ತಡವಾಗಿ ಹೆಪ್ಪುಗಟ್ಟತೊಡಗಿತು. ನದಿ ವರ್ಷಕ್ಕೆ ಸರಾಸರಿ ೭೦ ಅಡಿಯಂತೆ ದಂಡೆ ನುಂಗಿತು.

ಊರವರು ಕೈಕಟ್ಟಿ ಕೂರಲಿಲ್ಲ. ೧೯೯೪ರಲ್ಲೇ ಬೇರೆ ಜಾಗ ಹುಡುಕತೊಡಗಿದರು. ಒಂಬತ್ತು ಮೈಲಿ ಆಚೆ, ನೆಲ್ಸನ್ ದ್ವೀಪದ ಮೆರ್ಟಾರ್ವಿಕ್ ಮನಸ್ಸಿಗೆ ಬಂತು. ಗಟ್ಟಿ ಕಲ್ಲುನೆಲ, ಸಿಹಿನೀರಿನ ಊಟೆ. ೨೦೦೩ರಲ್ಲಿ ಅಮೆರಿಕದ ಸಂಸತ್ತು ಜಮೀನಿನ ಅದಲುಬದಲಿಗೆ ಒಪ್ಪಿತು. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಂಡಿರಾ? ಜನವಿಲ್ಲದ ಕಡೆ ಶಾಲೆ, ವಿಮಾನದಾರಿ ಕಟ್ಟಲು ಹಣವಿಲ್ಲ. ಅವೆರಡೂ ಇಲ್ಲದ ಕಡೆ ಜನ ಹೋಗುವಂತಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದ ನನಗೆ ಈ ಸುತ್ತು ಹೊಸದಲ್ಲ: ಆಸ್ತಿ ಇದ್ದವನಿಗೆ ಸಾಲ, ಸಾಲ ಸಿಕ್ಕವನಿಗೆ ಆಸ್ತಿ. ವಿಪತ್ತಿನ ಪರಿಹಾರ ಕೇಳೋಣವೆಂದರೆ, ಆ ಕಾನೂನು ಬರೆದದ್ದೇ ದಿಢೀರನೆ ಬರುವ ಚಂಡಮಾರುತ, ಭೂಕಂಪಗಳಿಗಾಗಿ. ನಿಧಾನವಾಗಿ ಬರುವ ವಿಪತ್ತಿಗೆ ತಾರೀಖು ಹಾಕುವುದೆಂತು? ೨೦೧೭ರ ಜನವರಿಯಲ್ಲಿ ಕೇಂದ್ರ ಸರಕಾರ ಅವರ ಅರ್ಜಿಯನ್ನು ತಳ್ಳಿಹಾಕಿತು. ೨೦೧೮ರಲ್ಲಿ ಸಂಸತ್ತು ೧.೫ ಕೋಟಿ ಡಾಲರ್ ಕೊಟ್ಟಿತು.

೨೦೧೯ರ ಅಕ್ಟೋಬರಿನಲ್ಲಿ ಊರಿನ ಮೂರರಲ್ಲೊಂದು ಪಾಲು ಜನ ಹೊಸ ಮನೆ ಹೊಕ್ಕರು. ಉಳಿದವರಲ್ಲಿ ಕೆಲವರು ಹಳೆಯ ದಂಡೆಯಲ್ಲೇ ಐದು ವರ್ಷ ಕಾದರು. ೨೦೨೪ರಲ್ಲಿ ಕೊನೆಯ ಮನೆಗಳೂ ಖಾಲಿಯಾದವು.

೨೦೨೫ರ ಅಕ್ಟೋಬರಿನಲ್ಲಿ ಹಾಲಾಂಗ್ ಚಂಡಮಾರುತದ ಉಳಿಕೆ ಅದೇ ಕರಾವಳಿಗೆ ಅಪ್ಪಳಿಸಿತು. ಕಿಪ್ನಕ್, ಕ್ವಿಗಿಲಿಂಗೊಕ್ ಎಂಬ ಯೂಪಿಕ್ ಊರುಗಳಲ್ಲಿ ಮನೆಗಳು ಅಡಿಪಾಯ ಬಿಟ್ಟು ತೇಲಿದವು. ನೂರಾರು ಜನರನ್ನು ವಿಮಾನದಲ್ಲಿ ದೂರದ ಆಂಕರೇಜ್ ನಗರಕ್ಕೆ ಸಾಗಿಸಿದರು. ಹೋಗಿ ನೆಲೆಸಲು ಅವರಿಗೆ ಮೆರ್ಟಾರ್ವಿಕ್ ಇರಲಿಲ್ಲ.