ಆಸ್ಪತ್ರೆಗೆ ವೈದ್ಯಕೀಯ ಯಂತ್ರ ಬರುವುದು ಹೇಗೆ? ಕಡಿಮೆ ದರವೊಂದೇ ಯಾಕೆ ಸಾಲದು?

ಥಾಣೆ ಪೂರ್ವದ ಕೋಪರಿಯಲ್ಲಿರುವವರು ಚಿಕಿತ್ಸೆಗೆ ಖಾಡಿಯಾಚೆಯ ಕಲ್ವಾದಲ್ಲಿ ಥಾಣೆ ಮಹಾನಗರ ಪಾಲಿಕೆ ನಡೆಸುವ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಗೂ ಹೋಗಬಹುದು, ಖಾಸಗಿ ಆಸ್ಪತ್ರೆಗೂ ಹೋಗಬಹುದು. ಎರಡೂ ಕಡೆ ಒಂದೇ ಬಗೆಯ ಯಂತ್ರವಿರಬಹುದು. ಆದರೆ ಅದನ್ನು ಕೊಳ್ಳುವ ಕ್ರಮ ಬೇರೆ ಬೇರೆ.

ಸರ್ಕಾರಿ ವ್ಯವಸ್ಥೆಯಲ್ಲಿ ಬೇಡಿಕೆ ಶುರುವಾಗುವುದು ವಿಭಾಗದ ವೈದ್ಯರಿಂದ. ತಾಂತ್ರಿಕ ಸಮಿತಿ ಯಂತ್ರದ ಗುಣಲಕ್ಷಣಗಳನ್ನು ಬರೆಯುತ್ತದೆ. ಒಂದೇ ಕಂಪನಿಗೆ ಹೊಂದುವಂತೆ ಬರೆದರೆ ಸ್ಪರ್ಧೆಯೇ ಇರುವುದಿಲ್ಲ; ತಕರಾರು ಹೆಚ್ಚಾಗಿ ಏಳುವುದೂ ಇಲ್ಲಿಯೇ. ಬಳಿಕ ಟೆಂಡರ್ ಅಥವಾ 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ 'ಜೆಮ್' ಮೂಲಕ ಖರೀದಿ. ಸಾಮಾನ್ಯವಾಗಿ ತಾಂತ್ರಿಕ ಪರಿಶೀಲನೆಯಲ್ಲಿ ಪಾಸಾದವರ ದರಪಟ್ಟಿಯನ್ನಷ್ಟೇ ತೆರೆಯುತ್ತಾರೆ. ಅವರಲ್ಲಿ ಕಡಿಮೆ ದರ ಹೇಳಿದವರು 'ಎಲ್‌-1'. ಕರ್ನಾಟಕದಲ್ಲಿ ಇಂಥ ಖರೀದಿ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತದೆ. ಮಹಾರಾಷ್ಟ್ರ 2023ರಲ್ಲಿ ಪ್ರತ್ಯೇಕ ಖರೀದಿ ಪ್ರಾಧಿಕಾರಕ್ಕೆ ಕಾನೂನು ತಂದಿತು.

ಆದರೆ ಯಂತ್ರ ಬಂದ ಮೇಲೆ ಏನಾಗುತ್ತದೆ? ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ದೇಶದ 29,115 ಆರೋಗ್ಯ ಕೇಂದ್ರಗಳ 7,56,750 ಉಪಕರಣಗಳ ಲೆಕ್ಕ ತೆಗೆದಾಗ, ಬೇರೆ ಬೇರೆ ರಾಜ್ಯಗಳಲ್ಲಿ ಶೇ 13ರಿಂದ 34ರಷ್ಟು ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿಯೇ ಕೊಳ್ಳುವ ಬೆಲೆಯ ಜೊತೆಗೆ ವಾರಂಟಿ ಮುಗಿದ ನಂತರದ ನಿರ್ವಹಣಾ ಒಪ್ಪಂದ, ಬಿಡಿಭಾಗ, ಎಂಜಿನಿಯರ್ ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದನ್ನೂ ಟೆಂಡರಿನಲ್ಲೇ ಬರೆಸಿಕೊಳ್ಳಬೇಕು. ಡಯಾಲಿಸಿಸ್ ಯಂತ್ರ ಅಗ್ಗಕ್ಕೆ ಸಿಕ್ಕರೂ ಶುದ್ಧ ನೀರಿನ ಆರ್‌ಒ ಘಟಕವಿಲ್ಲದಿದ್ದರೆ ಅದು ಮೂಲೆಗೆ ಸೇರುತ್ತದೆ.

ಕಾನೂನಿನ ಷರತ್ತುಗಳೂ ಇವೆ. 2017ರ ವೈದ್ಯಕೀಯ ಸಾಧನ ನಿಯಮಗಳು ಅಪಾಯದ ಮಟ್ಟ ನೋಡಿ ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿವೆ. ಸಿ.ಟಿ. ಸ್ಕ್ಯಾನರ್‌ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿಯಾಗದ ಕೇಂದ್ರಕ್ಕೆ ಅಲ್ಟ್ರಾಸೌಂಡ್ ಯಂತ್ರ ಮಾರುವಂತೆಯೇ ಇಲ್ಲ.

ಖಾಸಗಿ ಆಸ್ಪತ್ರೆಯ ಲೆಕ್ಕಾಚಾರ ಬೇರೆ: ದಿನಕ್ಕೆ ಎಷ್ಟು ರೋಗಿಗಳು, ಸಾಲದ ಕಂತು ಎಷ್ಟು, ಹಿರಿಯ ವೈದ್ಯರಿಗೆ ಯಾವ ಕಂಪನಿಯ ಯಂತ್ರ ರೂಢಿ. ಆ ಕಂತು ಕೊನೆಗೆ ರೋಗಿಯ ಬಿಲ್ಲಿಗೇ ಬಂದು ಸೇರುತ್ತದೆ. ಕೆಲವು ಪ್ರಯೋಗಾಲಯಗಳಿಗೆ ಕಂಪನಿಗಳು ರಕ್ತಪರೀಕ್ಷೆಯ ಯಂತ್ರವನ್ನು ಹಣ ಪಡೆಯದೆಯೇ ಇಟ್ಟುಹೋಗುತ್ತವೆ. ಷರತ್ತು ಒಂದೇ, ಪರೀಕ್ಷೆಗೆ ಬೇಕಾದ ರಾಸಾಯನಿಕವನ್ನು ವರ್ಷಗಟ್ಟಲೆ ಅದೇ ಕಂಪನಿಯಿಂದ ಕೊಳ್ಳಬೇಕು.