ಬೆನ್ನೆಲುಬಿಲ್ಲದ ಜೀವಿಗಳಿಗಾಗಿ ಒಂದು ಜಗಳ

ಜಿರಳೆಯನ್ನು ಹೊಸಕಿದರೆ ಕೆಂಪು ರಕ್ತ ಬರುವುದಿಲ್ಲ. ಬಿಳಿಚಿದ ದ್ರವವಷ್ಟೇ ಬರುತ್ತದೆ. ಸೊಳ್ಳೆಯನ್ನು ಹೊಡೆದಾಗ ಅಂಗೈಗೆ ಹತ್ತುವ ಕೆಂಪು ಸೊಳ್ಳೆಯದಲ್ಲ, ಅದು ಕುಡಿದ ನಮ್ಮದೇ ರಕ್ತ. ಈ ಸಣ್ಣ ಸಂಗತಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಪ್ರಾಣಿಶಾಸ್ತ್ರದ ದಾರಿಯನ್ನು ನಿರ್ಧರಿಸಿತ್ತು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್ ಪ್ರಾಣಿಗಳನ್ನು ರಕ್ತವುಳ್ಳವು, ರಕ್ತವಿಲ್ಲದವು ಎಂದು ಎರಡು ಪಾಲು ಮಾಡಿದ. ಕೀಟ, ಏಡಿ, ಚಿಪ್ಪುಜೀವಿ, ಅಷ್ಟಪದಿಗಳೆಲ್ಲ ರಕ್ತವಿಲ್ಲದವುಗಳ ಪಾಲಿಗೆ ಬಂದವು.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಲೋಕವನ್ನು ಆರು ವರ್ಗಗಳಾಗಿ ವಿಂಗಡಿಸಿದಾಗಲೂ ಇವುಗಳ ಅದೃಷ್ಟ ಬದಲಾಗಲಿಲ್ಲ. ಸ್ತನಿ, ಹಕ್ಕಿ, ಉಭಯವಾಸಿ, ಮೀನುಗಳಿಗೆ ಒಂದೊಂದು ಮನೆ ಸಿಕ್ಕಿತು. ಉಳಿದವನ್ನೆಲ್ಲ ‘ಕೀಟ’, ‘ಹುಳು’ ಎಂಬ ಎರಡೇ ಚೀಲಗಳಲ್ಲಿ ತುಂಬಲಾಯಿತು. ಎರೆಹುಳು, ಬಸವನಹುಳು, ನಕ್ಷತ್ರಮೀನು, ಅಷ್ಟಪದಿ ಎಲ್ಲವೂ ‘ಹುಳು’ಗಳೇ! ಇಂದು ತಿಳಿದಿರುವ ಪ್ರಾಣಿ ಪ್ರಭೇದಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಬೆನ್ನೆಲುಬಿಲ್ಲದವು ಎಂಬುದನ್ನು ನೆನೆದರೆ ಆ ಚೀಲಗಳಲ್ಲಿ ಎಷ್ಟು ಗೊಂದಲವಿದ್ದಿರಬೇಕೆಂದು ಊಹಿಸಬಹುದು.

ಗೊಂದಲ ಬಿಡಿಸುವ ಕೆಲಸ ಶುರುವಾದದ್ದು ಕ್ರಾಂತಿಯ ಬಿಸಿಯಲ್ಲಿದ್ದ ಪ್ಯಾರಿಸ್‌ನಲ್ಲಿ. 1793ರಲ್ಲಿ ಅಲ್ಲಿನ ರಾಜೋದ್ಯಾನ ನಿಸರ್ಗ ಇತಿಹಾಸದ ರಾಷ್ಟ್ರೀಯ ಸಂಗ್ರಹಾಲಯವಾಯಿತು. ದೊಡ್ಡ ಪ್ರಾಣಿಗಳನ್ನು ಕುರಿತ ಪ್ರಾಧ್ಯಾಪಕ ಹುದ್ದೆ 21 ವರ್ಷದ ಜೆಫ್ರಾಯ್ ಸೇಂಟ್ ಹಿಲೇರ್‌ಗೆ ದೊರೆಯಿತು. ಕೀಟ, ಹುಳುಗಳ ವಿಭಾಗ ಐವತ್ತರ ಅಂಚಿನಲ್ಲಿದ್ದ ಸಸ್ಯವಿಜ್ಞಾನಿ ಲಾಮಾರ್ಕ್‌ನ ಪಾಲಿಗೆ ಬಂತು. ಆತ ಬೇಸರಿಸದೆ ಹೊಸ ಪಾಠ ಕಲಿತ. ‘ಬೆನ್ನೆಲುಬಿಲ್ಲದ ಪ್ರಾಣಿಗಳು’, ಅಂದರೆ ಅಕಶೇರುಕಗಳು, ಎಂಬ ಹೆಸರನ್ನು ಬಳಕೆಗೆ ತಂದವನು ಅವನೇ. 1815ರಿಂದ 1822ರವರೆಗೆ ಏಳು ಸಂಪುಟಗಳಲ್ಲಿ ಅವುಗಳ ವಿವರ ಬರೆದ. ಕಣ್ಣು ಹೋದ ಮೇಲೆ ಮಗಳಿಗೆ ಹೇಳಿ ಬರೆಸಿದ.

ಆದರೆ ‘ಬೆನ್ನೆಲುಬಿಲ್ಲದವು’ ಎಂಬ ಹೆಸರು ಅವುಗಳಲ್ಲಿ ಏನಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಏನಿದೆ ಎಂದು ತಿಳಿಯಲು ಅವುಗಳನ್ನು ಸೀಳಿ ನೋಡಬೇಕು. ಆ ಕೆಲಸದಲ್ಲಿ ಜಾರ್ಜ್ ಕುವಿಯೆಗೆ ಸಾಟಿಯಿರಲಿಲ್ಲ. ನಾರ್ಮಂಡಿಯ ಶ್ರೀಮಂತ ಮನೆಯೊಂದರಲ್ಲಿ ಪಾಠ ಹೇಳುತ್ತಿದ್ದ ಈ ತರುಣ ಬಿಡುವಿನ ವೇಳೆಯಲ್ಲಿ ಕಡಲ ಜೀವಿಗಳನ್ನು ಸೀಳಿ ಚಿತ್ರ ಬರೆದುಕೊಳ್ಳುತ್ತಿದ್ದ. 1795ರಲ್ಲಿ ಅವನನ್ನು ಪ್ಯಾರಿಸ್‌ಗೆ ಬರಲು ಹುರಿದುಂಬಿಸಿದವರಲ್ಲಿ ಜೆಫ್ರಾಯ್ ಮುಖ್ಯ. ಇಬ್ಬರೂ ಒಂದೇ ಸೂರಿನಡಿ ಇದ್ದು ಜೊತೆಯಾಗಿ ಲೇಖನಗಳನ್ನು ಬರೆದರು.

ನಾಲ್ಕು ನಕ್ಷೆಗಳು

ಕುವಿಯೆ ಮೊದಲು ಗಮನಿಸಿದ್ದು ನರಗಳನ್ನು. ಕಶೇರುಕಗಳಲ್ಲಿ ಮಿದುಳಿನಿಂದ ಹೊರಟ ನರಹುರಿ ಬೆನ್ನಿನಲ್ಲಿ ಸಾಗುತ್ತದೆ. ಕೀಟ, ಏಡಿ, ಎರೆಹುಳುಗಳಲ್ಲಿ ಗಂಟುಗಂಟಾದ ಜೋಡಿ ನರಹುರಿ ಹೊಟ್ಟೆಯ ಕಡೆಗಿದೆ. ಮೈಯೂ ಬಳೆ ಜೋಡಿಸಿದಂತೆ ಖಂಡಖಂಡವಾಗಿದೆ. ಬಸವನಹುಳು, ಅಷ್ಟಪದಿಗಳಂಥ ಮೃದ್ವಂಗಿಗಳಲ್ಲಿ ಮೈಗೆ ಖಂಡಗಳಿಲ್ಲ, ನರಗಂಟುಗಳು ಅಲ್ಲಲ್ಲಿ ಚದುರಿವೆ. ನಕ್ಷತ್ರಮೀನಿಗೆ ಮಿದುಳೇ ಇಲ್ಲ. ಬಾಯಿಯ ಸುತ್ತ ಒಂದು ನರದ ಬಳೆ, ಅದರಿಂದ ಒಂದೊಂದು ತೋಳಿಗೂ ಒಂದೊಂದು ಎಳೆ.

ರಕ್ತದ ಕಥೆಯೂ ಹೀಗೆಯೇ. ಎರೆಹುಳುವಿನ ರಕ್ತ ನಮ್ಮದರಂತೆ ಕೆಂಪು, ಹರಿಯುವುದೂ ನಾಳಗಳೊಳಗೇ. ಅರಿಸ್ಟಾಟಲನ ವಿಭಜನೆಗೆ ಇದೊಂದೇ ಹುಳು ಸಾಕಿತ್ತು. ಅಷ್ಟಪದಿಗೆ ಮೂರು ಹೃದಯ. ತಾಮ್ರದ ಅಂಶವಿರುವುದರಿಂದ ಅದರ ರಕ್ತ ನೀಲಿ. ಜಿರಳೆಯ ರಕ್ತ ಅಂಗಾಂಗಗಳ ನಡುವಿನ ಬಯಲಿನಲ್ಲೇ ತುಂಬಿಕೊಂಡಿರುತ್ತದೆ. ಆಮ್ಲಜನಕ ಹೊರುವ ಕೆಲಸ ಅದಕ್ಕಿಲ್ಲ. ಪಕ್ಕೆಯ ರಂಧ್ರಗಳಿಂದ ಹೊರಟ ಗಾಳಿಕೊಳವೆಗಳು ಕವಲೊಡೆದು ಮೈಯ ಮೂಲೆಮೂಲೆಗೂ ಗಾಳಿಯನ್ನು ನೇರವಾಗಿ ಮುಟ್ಟಿಸುತ್ತವೆ. ಹಾಗಾಗಿಯೇ ಅದರ ರಕ್ತಕ್ಕೆ ಕೆಂಪು ಬಣ್ಣ ಬೇಕಿಲ್ಲ. ನಕ್ಷತ್ರಮೀನಿನೊಳಗೆ ನೀರಿನ ಕೊಳವೆಗಳ ಜಾಲವಿದೆ. ಆ ನೀರಿನ ಒತ್ತಡದಿಂದಲೇ ನೂರಾರು ಪುಟ್ಟ ಕಾಲುಗಳು ಹಿಗ್ಗಿ ಕುಗ್ಗಿ ಅದನ್ನು ನಡೆಸುತ್ತವೆ.

ಇದೆಲ್ಲವನ್ನೂ ಒಟ್ಟುಗೂಡಿಸಿ 1812ರಲ್ಲಿ ಕುವಿಯೆ ಪ್ರಾಣಿಲೋಕದಲ್ಲಿ ನಾಲ್ಕೇ ನಕ್ಷೆಗಳಿವೆ ಎಂದು ಸಾರಿದ: ಕಶೇರುಕ, ಮೃದ್ವಂಗಿ, ಖಂಡದೇಹಿ ಮತ್ತು ನಕ್ಷತ್ರಮೀನಿನಂಥ ಅರೀಯ ಜೀವಿ. ನಾಲ್ಕರಲ್ಲಿ ಮೂರು ಬೆನ್ನೆಲುಬಿಲ್ಲದವು! ಒಂದು ನಕ್ಷೆಯಿಂದ ಇನ್ನೊಂದಕ್ಕೆ ಸೇತುವೆಯಿಲ್ಲ, ಒಂದರಿಂದ ಇನ್ನೊಂದು ಹುಟ್ಟಿರಲಾರದು ಎಂಬುದು ಅವನ ದೃಢ ನಂಬಿಕೆ.

ಜೆಫ್ರಾಯ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಅಂಗದ ಆಕಾರ, ಕೆಲಸ ಬದಲಾದರೂ ಅದರ ನೆರೆಹೊರೆ ಬದಲಾಗದು. ಎಲ್ಲ ಪ್ರಾಣಿಗಳಿಗೂ ನಕ್ಷೆ ಒಂದೇ ಎಂಬುದು ಅವನ ವಾದ. ಕೀಟಗಳು ತಮ್ಮ ಬೆನ್ನೆಲುಬಿನ ಒಳಗೇ ವಾಸಿಸುತ್ತವೆ, ಅವುಗಳ ಗಟ್ಟಿ ಕವಚವೇ ಅವುಗಳ ಬೆನ್ನೆಲುಬು ಎಂದ. 1822ರಲ್ಲಿ ಸಿಗಡಿಯ ದೊಡ್ಡ ನೆಂಟನಾದ ಲಾಬ್‌ಸ್ಟರ್ ಒಂದನ್ನು ಸೀಳಿ ಮಗುಚಿಟ್ಟು ನೋಡಿದ. ಮೇಲೆ ನರಹುರಿ, ನಡುವೆ ಕರುಳು, ಕೆಳಗೆ ಹೃದಯ. ಇದೇ ಕ್ರಮ ತಾನೆ ಕಶೇರುಕಗಳದ್ದು! ಕವಚದ ಜೀವಿ ಮಗುಚಿ ನಡೆಯುವ ಕಶೇರುಕವೇ ಎಂದು ಅವನಿಗೆ ತೋರಿತು.

ಅಕಾಡೆಮಿಯಲ್ಲಿ ಹಣಾಹಣಿ

ಕಿಡಿ ಹೊತ್ತಿಕೊಂಡದ್ದು ಕಟ್ಲ್‌ಫಿಶ್‌ನಿಂದ. ನಮ್ಮ ಕರಾವಳಿಯ ಮೀನುಪೇಟೆಯಲ್ಲಿ ಬೊಂಡಾಸ್ ಎಂದು ಮಾರುವ ಜೀವಿಯ ಬಳಗದ್ದು ಇದು. ಹೆಸರಿನಲ್ಲಿ ಮೀನು, ನಿಜದಲ್ಲಿ ಮೃದ್ವಂಗಿ. ಕಶೇರುಕವೊಂದನ್ನು ಸೊಂಟದ ಬಳಿ ಹಿಂದಕ್ಕೆ ಮಡಿಚಿ, ಕತ್ತು ಪೃಷ್ಠಕ್ಕೆ ತಾಗುವಂತೆ ಮಾಡಿದರೆ ಅಂಗಗಳು ಕಟ್ಲ್‌ಫಿಶ್‌ನಲ್ಲಿರುವ ಕ್ರಮದಲ್ಲೇ ಬರುತ್ತವೆ ಎಂದು ಮೆರಾಂ ಮತ್ತು ಲೊರಾನ್ಸೆ ಎಂಬಿಬ್ಬರು ವಿಜ್ಞಾನ ಅಕಾಡೆಮಿಗೆ ಪ್ರಬಂಧ ಕಳುಹಿಸಿದ್ದರು. 1830ರ ಫೆಬ್ರವರಿ 15ರಂದು ಜೆಫ್ರಾಯ್ ಅದನ್ನು ಹೊಗಳಿ ವರದಿ ಓದಿದ. ಸಭೆಯಲ್ಲಿದ್ದ ಕುವಿಯೆ ಕೆರಳಿದ.

ಒಂದೇ ವಾರದಲ್ಲಿ, ಫೆಬ್ರವರಿ 22ರಂದು, ಕುವಿಯೆ ಬಣ್ಣದ ಚಿತ್ರಗಳೊಂದಿಗೆ ಬಂದ. ಒಂದು ಕಡೆ ಅಷ್ಟಪದಿ, ಇನ್ನೊಂದು ಕಡೆ ಮಡಿಚಿದ ಕಶೇರುಕ. ಇದರಲ್ಲಿರುವ ಅಂಗ ಅದರಲ್ಲಿಲ್ಲ. ಅದರಲ್ಲಿರುವುದು ಬೇರೆ ಜಾಗದಲ್ಲಿದೆ. ಕೆಲವು ಅಂಗಗಳು ಎರಡರಲ್ಲೂ ಇವೆ ಎಂದ ಮಾತ್ರಕ್ಕೆ ನಕ್ಷೆ ಒಂದೇ ಎನ್ನಲಾಗದು ಎಂದು ಆತ ತೋರಿಸಿಕೊಟ್ಟ. ವಾದ ವಾರಗಟ್ಟಲೆ ನಡೆಯಿತು, ಪತ್ರಿಕೆಗಳಲ್ಲೂ ಸುದ್ದಿಯಾಯಿತು. 35 ವರ್ಷಗಳ ಹಿಂದೆ ಒಂದೇ ಮನೆಯಲ್ಲಿದ್ದ ಗೆಳೆಯರು ಊರ ಮುಂದೆ ಎದುರಾಳಿಗಳಾಗಿದ್ದರು.

ಅದೇ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಂದು ಕ್ರಾಂತಿಯಾಗಿ ದೊರೆ ಸಿಂಹಾಸನ ಬಿಟ್ಟ. ಸುದ್ದಿ ಜರ್ಮನಿಯ ವೈಮಾರ್ ತಲುಪಿದಾಗ 80ರ ವಯಸ್ಸಿನ ಕವಿ ಗಯಟೆ ಜ್ವಾಲಾಮುಖಿ ಸಿಡಿಯಿತೆಂದು ಉದ್ಗರಿಸಿದನಂತೆ. ಭೇಟಿಗೆ ಬಂದವನು ರಾಜಕೀಯದ ಮಾತು ತೆಗೆದರೆ, ಕವಿ ಹೇಳುತ್ತಿದ್ದುದು ಅಕಾಡೆಮಿಯ ಜಗಳದ ಬಗ್ಗೆ! ಗಯಟೆಯ ಒಲವು ಜೆಫ್ರಾಯ್ ಕಡೆಗಿತ್ತು. ಪ್ರಾಣಿಲೋಕ ನಾಲ್ಕು ಬೇರೆ ಬೇರೆ ಕೋಟೆಗಳೋ, ಒಂದೇ ಮನೆಯೋ ಎಂಬ ಪ್ರಶ್ನೆ ಅವನಿಗೆ ಸಿಂಹಾಸನಕ್ಕಿಂತ ದೊಡ್ಡದಾಗಿ ಕಂಡಿತ್ತು.

ಸಭೆಯಲ್ಲಿ ಗೆದ್ದವನು ಕುವಿಯೆಯೇ ಎಂದು ಹೆಚ್ಚಿನವರು ಭಾವಿಸಿದರು. ಕಟ್ಲ್‌ಫಿಶ್ ಮಡಿಚಿದ ಕಶೇರುಕವಲ್ಲ ಎಂಬ ಅವನ ಮಾತು ಇಂದಿಗೂ ಸರಿ. ಆದರೆ ಸೇತುವೆಯಿಲ್ಲ ಎಂಬ ಮಾತು ನಿಲ್ಲಲಿಲ್ಲ. 1859ರಲ್ಲಿ ಡಾರ್ವಿನ್ ಹೋಲಿಕೆಗಳಿಗೆ ರಕ್ತಸಂಬಂಧವೇ ಕಾರಣವೆಂದು ವಿವರಿಸಿದ. ಕುವಿಯೆ ಮೃದ್ವಂಗಿಗಳ ಜೊತೆ ಇಟ್ಟಿದ್ದ, ಚೀಲದಂತೆ ಬಂಡೆಗೆ ಅಂಟಿಕೊಂಡಿರುವ ಅಸಿಡಿಯನ್ ಎಂಬ ಕಡಲ ಜೀವಿಯ ಮರಿಯ ಬಾಲದಲ್ಲಿ ನಮ್ಮ ಭ್ರೂಣದಲ್ಲಿರುವಂಥದೇ ಬೆನ್ನುದಂಡವಿದೆ ಎಂದು ರಷ್ಯದ ಕೊವಲೆವ್‌ಸ್ಕಿ 1866ರಲ್ಲಿ ತೋರಿಸಿದ.

ಉಳಿದ ಕೋಟೆಗಳೂ ಒಡೆದವು. ಕೀಟದಂತೆ ಖಂಡದೇಹವಿದ್ದರೂ ಎರೆಹುಳು ಬಸವನಹುಳುವಿಗೆ ಹೆಚ್ಚು ಹತ್ತಿರದ ನೆಂಟ ಎಂದು ವಂಶವಾಹಿಗಳ ಹೋಲಿಕೆ ಹೇಳುತ್ತದೆ. ಮಿದುಳಿಲ್ಲದ ನಕ್ಷತ್ರಮೀನು ಜಾಣ ಅಷ್ಟಪದಿಗಿಂತ ನಮಗೆ ಹತ್ತಿರ. ಮೈಯ ಹೊರನೋಟ ನೋಡಿ ನೆಂಟಸ್ತಿಕೆ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಜೆಫ್ರಾಯ್‌ನ ಮಗುಚಿದ ಲಾಬ್‌ಸ್ಟರ್ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಗೆಗೆ ಈಡಾಗಿತ್ತು. 1990ರ ದಶಕದ ನಡುವೆ ವಿಜ್ಞಾನಿಗಳು ಭ್ರೂಣದ ಬೆನ್ನು–ಹೊಟ್ಟೆಗಳನ್ನು ಗುರುತಿಸುವ ವಂಶವಾಹಿಗಳನ್ನು ಹಣ್ಣುನೊಣದಲ್ಲೂ ಕಪ್ಪೆಯಲ್ಲೂ ಹೋಲಿಸಿ ನೋಡಿದರು. ಕಪ್ಪೆಯ ಬೆನ್ನಿನ ಕಡೆ ಕೆಲಸ ಮಾಡುವ ವಂಶವಾಹಿಯ ಜೋಡಿ ನೊಣದ ಹೊಟ್ಟೆಯ ಕಡೆ ಕೆಲಸ ಮಾಡುತ್ತಿತ್ತು. ಎರಡೂ ಕಡೆ ಅದು ನರಹುರಿಗೆ ಜಾಗ ಮಾಡಿಕೊಡುತ್ತದೆ. ನೊಣದ್ದನ್ನು ಕಪ್ಪೆಗೆ, ಕಪ್ಪೆಯದ್ದನ್ನು ನೊಣಕ್ಕೆ ಬದಲಿಸಿಕೊಟ್ಟರೂ ಅದು ಕೆಲಸ ಮಾಡಿತು. ನಮ್ಮ ಪೂರ್ವಿಕರ ಸಾಲಿನಲ್ಲಿ ಯಾವುದೋ ಕಾಲಕ್ಕೆ ಮೈ ತಲೆಕೆಳಗಾಗಿರಬೇಕೆಂದು ಈಗ ಅನೇಕರು ಒಪ್ಪುತ್ತಾರೆ. ಮಗುಚಿಕೊಂಡದ್ದು ಲಾಬ್‌ಸ್ಟರ್ ಅಲ್ಲ, ನಾವೇ!

ಅಡುಗೆಮನೆಯ ಮೂಲೆಯಲ್ಲಿ ಅಂಗಾತ ಬಿದ್ದು ಕಾಲು ಬಡಿಯುವ ಜಿರಳೆಯ ನರಹುರಿ ಆಗ ಮೇಲಿರುತ್ತದೆ, ಹೃದಯ ಕೆಳಗಿರುತ್ತದೆ. ಬೋರಲು ಮಲಗಿದ ಮನುಷ್ಯನ ಒಳಗಿನ ಕ್ರಮವೂ ಅದೇ.